ತಿರುಗುತ್ತದೆ, ಏಳುವುದಿಲ್ಲ

“ತಿರುಗ್ತೈತೆ ಸಾರ್, ಏಳಲ್ಲ.”

2012ರ ಜೂನ್ ಕೊನೆಯ ವಾರ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಿಂದ ಗಣಿತದ ಮೇಷ್ಟ್ರು ಫೋನ್ ಮಾಡಿ ಹೇಳಿದ್ದು ಇಷ್ಟೇ. ತಿರುಗುವುದು ಸಿ.ಡಿ., ಏಳದೇ ಇರುವುದು ಸಿಸ್ಟಮ್. ಉಬುಂಟು ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಲೈವ್ ಸಿ.ಡಿ. ಹಾಕಿದರೆ ಡ್ರೈವ್ ಗುಂಯ್ ಅನ್ನುತ್ತದೆ, ದೀಪ ಮಿಣುಕುತ್ತದೆ, ನೇರಳೆ ಪರದೆ ಬಂದು ಹೋಗುತ್ತದೆ, ಕೊನೆಗೆ ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಉಳಿಯುತ್ತದೆ.

“ಆ ಸಾಲು ಓದಿ ಹೇಳಿ ಸಾರ್” ಅಂದೆ.

“ಆಗ್ಲೇ ಆಫ್ ಮಾಡಿಬಿಟ್ವಿ” ಅಂದರು.

ನಾನಾಗ ಮಧುಗಿರಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಜಯಮಂಗಲಿಯ ದಂಡೆಯಿಂದ ಹಿಡಿದು ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ಬಂಡೆಗುಡ್ಡಗಳವರೆಗೆ ಹರಡಿಕೊಂಡ ಶಾಲೆಗಳು. 2011ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ-ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಆರಂಭಿಸಿದ್ದವು. ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆಯುವುದು, ಕಾಲ್ಜಿಯಂನಲ್ಲಿ ಧಾತುಗಳ ಕೋಷ್ಟಕ ತೆರೆಯುವುದು, ಸ್ಟೆಲೇರಿಯಂನಲ್ಲಿ ನಮ್ಮೂರಿನ ರಾತ್ರಿಯ ಆಕಾಶವನ್ನು ಹಗಲಲ್ಲೇ ಗೋಡೆಗೆ ತರುವುದು, ಎಲ್ಲವೂ ಉಬುಂಟುವಿನ ಮೇಲೆ. ಆ ಗುಂಗು ಹಿಡಿದವರಲ್ಲಿ ನಾನೂ ಒಬ್ಬ. ಒಂದು ಬಟ್ಟೆ ಚೀಲದಲ್ಲಿ ಹತ್ತಾರು ಸಿ.ಡಿ., ಒಂದು ಸ್ಕ್ರೂಡ್ರೈವರ್, ಪೆನ್ಸಿಲ್ ಉಜ್ಜುವ ರಬ್ಬರ್ ಇಟ್ಟುಕೊಂಡು, ಕರೆದ ಶಾಲೆಗೆ ರಜೆ ಹಾಕಿ ಹೋಗಿಬರುತ್ತಿದ್ದೆ.

ಲೈವ್ ಸಿ.ಡಿ. ಎಂದರೇನು ಅಂತ ಕೇಳಿದವರಿಗೆ ನಮ್ಮ ಜಿಲ್ಲೆಯಲ್ಲಿ ಹೇಳಲು ಒಳ್ಳೆಯ ಉಪಮೆ ಇದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಊರೂರಿಗೆ ಹೋಗಿ ಬಯಲಲ್ಲಿ ಡೇರೆ ಹಾಕುತ್ತಿತ್ತು. ಪರದೆ, ಪೋಷಾಕು, ದೀಪ, ಹಾರ್ಮೋನಿಯಂ ಎಲ್ಲ ಅವರದೇ, ಊರಿನವರು ಕೊಡಬೇಕಾದ್ದು ಬಯಲು ಮಾತ್ರ. ಆಟ ಮುಗಿಸಿ ಡೇರೆ ಕಿತ್ತರೆ ನೆಲದಲ್ಲಿ ಗೂಟದ ಗುರುತೂ ಉಳಿಯದು. ಲೈವ್ ಸಿ.ಡಿ.ಯೂ ಹಾಗೆಯೇ. ಹಾರ್ಡ್‌ಡಿಸ್ಕನ್ನು ಮುಟ್ಟದೆ, ರ‍್ಯಾಮ್ ಎಂಬ ಬಯಲಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸಿ ನಿಲ್ಲಿಸುತ್ತದೆ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್ ಮೂಲಕ ಇದನ್ನು ಮನೆಮಾತಾಗಿಸಿದರು. ಸುಮಾರು 2 ಜಿ.ಬಿ. ತಂತ್ರಾಂಶವನ್ನು ಅಮುಕಿ 700 ಎಂ.ಬಿ. ಸಿ.ಡಿ.ಯಲ್ಲಿ ಕೂರಿಸಿ, ಬೇಕಾದ ಚೂರನ್ನು ಬೇಕಾದಾಗ ಬಿಚ್ಚಿಕೊಳ್ಳುವ ಜಾಣ್ಮೆ ಅದು. ವಿಂಡೋಸ್ ಕೆಟ್ಟ ಯಂತ್ರದಿಂದ ಅಂಕಪಟ್ಟಿ ಎತ್ತಿಕೊಳ್ಳಲು, ಯಂತ್ರ ನಿಜಕ್ಕೂ ಸತ್ತಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ಕೈಗೆ ಸಿಕ್ಕಿರಲಿಲ್ಲ.

ಪಾವಗಡದ ಆ ಶಾಲೆ ಕರೆದದ್ದೂ ಅದಕ್ಕೇ. ಅಲ್ಲಿ ಹತ್ತು ಸಿಸ್ಟಮ್. ನಾಲ್ಕು ಮತ್ತು ಏಳನೆಯದರಲ್ಲಿ ಬೇಸಿಗೆ ರಜೆ ಕಳೆದು ಬಾಗಿಲು ತೆರೆದ ದಿನದಿಂದ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ದಾಸ್ತಾನು ಪುಸ್ತಕದಲ್ಲಿ ಅವೆರಡರ ಎದುರು ಆಗಲೇ ‘ಹಾರ್ಡ್‌ಡಿಸ್ಕ್ ದೋಷ’ ಎಂದು ಬರೆದಾಗಿತ್ತು. ಹಾರ್ಡ್‌ಡಿಸ್ಕ್ ಹೋಗಿದ್ದರೂ ಲೈವ್ ಸಿ.ಡಿ. ಓಡಬೇಕಲ್ಲ ಎಂದು ಮೇಷ್ಟ್ರು ಹಾಕಿ ನೋಡಿದರು. ಮಿಕ್ಕ ಎಂಟರಲ್ಲಿ ಓಡಿತು, ಈ ಎರಡರಲ್ಲಿ ಇಲ್ಲ. ಅಲ್ಲಿಗೆ ಸಿ.ಡಿ. ಚೆನ್ನಾಗಿದೆ, ಯಂತ್ರ ಸತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು.

ನನಗೆ ಆ ತೀರ್ಮಾನದ ಮೇಲೆ ನಂಬಿಕೆ ಬರಲಿಲ್ಲ. ಬೂಟ್ ಆಗದ ಸಿ.ಡಿ. ಒಂದೇ ಏಟಿಗೆ ಸೋಲುವುದಿಲ್ಲ. ಒಂದೊಂದೇ ಬಾಗಿಲು ದಾಟಿಕೊಂಡು ಬಂದು ಯಾವುದೋ ಒಂದರ ಮುಂದೆ ನಿಲ್ಲುತ್ತದೆ. ಯಾವ ಬಾಗಿಲು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲ ಬಾಗಿಲು ಬಯಾಸ್. ಸ್ವಿಚ್ ಒತ್ತಿದ ಕೂಡಲೇ ಏಳುವ, ಮದರ್‌ಬೋರ್ಡಿನ ಮೇಲೆಯೇ ಕೂತ ಪುಟ್ಟ ತಂತ್ರಾಂಶ ಅದು. ಯಾವುದರಿಂದ ಬೂಟ್ ಆಗಬೇಕು, ಮೊದಲು ಸಿ.ಡಿ.ಯೋ ಹಾರ್ಡ್‌ಡಿಸ್ಕೋ ಎಂಬ ಸರದಿ ಅದರಲ್ಲಿ ಬರೆದಿರುತ್ತದೆ. ಡಿಲೀಟ್, ಎಫ್ 2, ಎಫ್ 12, ಕಂಪನಿಗೊಂದು ಕೀಲಿ. ಶಿರಾ ಕಡೆ ಒಂದು ಶಾಲೆಯಲ್ಲಿ ಆರು ತಿಂಗಳು ಮೂಲೆಗೆ ತಳ್ಳಿದ್ದ ಯಂತ್ರವನ್ನು ಈ ಸರದಿಯನ್ನು ಮೇಲೆ ಕೆಳಗೆ ಮಾಡಿಯೇ ಎಬ್ಬಿಸಿದ್ದೆವು.

ಎರಡನೆಯದು ಡ್ರೈವ್‌ನ ಕಣ್ಣು. ಸಿ.ಡಿ. ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯದು 650. ಹಾಗಾಗಿ ಹಳೆಯ ಸಿ.ಡಿ. ಡ್ರೈವ್‌ಗೆ ಡಿವಿಡಿ ತುರುಕಿದರೆ ಅದಕ್ಕೆ ಏನೂ ಕಾಣುವುದಿಲ್ಲ. ಹೊರಗಿನಿಂದ ಎರಡೂ ಒಂದೇ ತಟ್ಟೆ, ಡ್ರೈವ್‌ನ ಮುಖದ ಮೇಲಿನ ಸಣ್ಣ ಅಕ್ಷರ ಓದಿದರೇ ತಿಳಿಯುವುದು. ಇನ್ನು ನಮ್ಮ ಬಯಲುಸೀಮೆಯ ದೂಳು. ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿ ಬಿಡಿಸುತ್ತೇವೆ, ಆದರೆ ಕಡಲೆಕಾಯಿ ಬಿಡಿಸುವ ಕಾಲದಲ್ಲಿ ಕಿಟಕಿಯಿಂದ ಬರುವ ಕೆಂದೂಳಿಗೆ ಚಪ್ಪಲಿ ಇಲ್ಲ. ಲೆನ್ಸಿನ ಮೇಲೆ ಅದು ಕೂತರೆ ಡ್ರೈವ್ ಮೂರು ಸಲ ಗುಂಯ್‌ಗುಟ್ಟಿ, ತಡವರಿಸಿ, ಸುಮ್ಮನಾಗುತ್ತದೆ. ಆ ಸದ್ದು ಕಿವಿಗೆ ಒಗ್ಗಿದ ಮೇಲೆ ಪರದೆ ನೋಡುವುದೇ ಬೇಡ.

ಸಿ.ಡಿ.ಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಎಲ್ಲರೂ ತಪ್ಪು ಕಡೆ ಜೋಪಾನ ಮಾಡುತ್ತಾರೆ. ಹೊಳೆಯುವ ಅಡಿಭಾಗದಲ್ಲಿ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಇದೆ. ಅಲ್ಲಿನ ಸಣ್ಣ ಗೀರನ್ನು ಡ್ರೈವ್‌ನ ದೋಷ ತಿದ್ದುವ ಲೆಕ್ಕವೇ ತುಂಬಿಕೊಳ್ಳುತ್ತದೆ. ಮಾಹಿತಿ ಹೊತ್ತ ಪದರ ಇರುವುದು ನಾವು ಹೆಸರು ಬರೆಯುವ ಮೇಲ್ಭಾಗದ ತೆಳು ಅರಗಿನ ಕೆಳಗೆ. ಬಾಲ್‌ಪೆನ್ನಿನಿಂದ ಒತ್ತಿ ‘ಉಬುಂಟು’ ಎಂದು ಬರೆದರೆ ಉಬುಂಟುವಿನ ಮೇಲೆಯೇ ಗೀಚಿದಂತೆ. ಒರೆಸುವಾಗ ಬಟ್ಟೆಯನ್ನು ಗುಂಡಗೆ ತಿರುಗಿಸಬಾರದು, ನಡುವಿನಿಂದ ಅಂಚಿಗೆ ನೇರ ಎಳೆಯಬೇಕು. ಸುರುಳಿಯ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆ ತುಂಬ ಅಕ್ಷರ ನುಂಗುತ್ತದೆ, ಅಡ್ಡ ಬಿದ್ದ ಗೀರು ಅಲ್ಲೊಂದು ಇಲ್ಲೊಂದು ನುಂಗುತ್ತದೆ.

ಮೂರನೆಯ ಬಾಗಿಲಲ್ಲಿ ಎಡವಿದವರೇ ಹೆಚ್ಚು. ಅದು ಸಿ.ಡಿ. ಬರ್ನ್ ಮಾಡಿದ ರೀತಿ. ಕೊರಟಗೆರೆಯ ಒಬ್ಬ ಮೇಡಂ ಐದು ಸಿ.ಡಿ. ಬರೆದು ಐದೂ ಏಳಲಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದರು. ಡೌನ್‌ಲೋಡ್ ಮಾಡಿದ ಐಎಸ್‌ಒ ಕಡತವನ್ನು ಫೋಟೊ, ಹಾಡು ಎಳೆದು ಹಾಕುವಂತೆ ಎಳೆದು ಹಾಕಿದ್ದರು. ಆ ಕಡತ ಇಡೀ ಸಿ.ಡಿ.ಯ ಅಚ್ಚು. ಅದನ್ನು ‘ಇಮೇಜ್’ ಎಂದು ಬರೆಸಿದರೆ ಮಾತ್ರ ಒಳಗಿನದು ತನ್ನ ತನ್ನ ಜಾಗದಲ್ಲಿ ಕೂರುತ್ತದೆ. ಪರೀಕ್ಷೆ ಸುಲಭ. ಸಿ.ಡಿ.ಯನ್ನು ಓಡುತ್ತಿರುವ ಬೇರೆ ಸಿಸ್ಟಮ್ಮಿನಲ್ಲಿ ತೆರೆದು ನೋಡಿ. ಒಂದೇ ಒಂದು ದಪ್ಪ ಕಡತ ಕಂಡರೆ ತಪ್ಪಾಗಿದೆ, ಕ್ಯಾಸ್ಪರ್, ಐಸೊಲಿನಕ್ಸ್ ಎಂಬ ಫೋಲ್ಡರುಗಳು ಕಂಡರೆ ಸರಿಯಾಗಿದೆ.

ಜಾಗದ ಮಾತು ಏಕೆಂದರೆ, ಬಯಾಸ್‌ಗೆ ಕಡತ, ಫೋಲ್ಡರ್ ಒಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮನೆ ನಂಬರ್. ಸಿ.ಡಿ.ಯನ್ನು 2048 ಬೈಟಿನ ಮನೆಗಳಾಗಿ ಭಾಗ ಮಾಡಿ ಸೊನ್ನೆಯಿಂದ ಎಣಿಸುತ್ತಾರೆ. ಮೊದಲ ಹದಿನಾರು ಮನೆಗಳನ್ನು ಐಎಸ್‌ಒ 9660 ಎಂಬ ಮಾನಕ ಖಾಲಿ ಬಿಟ್ಟಿದೆ. 16ರಲ್ಲಿ ಸಿ.ಡಿ.ಯ ಕುಲಗೋತ್ರ. 17ರಲ್ಲಿ ‘ಎಲ್ ಟೊರಿಟೊ’ ಎಂಬ ಅಕ್ಷರಗಳು ಮತ್ತು ಬೂಟ್ ಮಾಡುವ ವಸ್ತು ಎಲ್ಲಿದೆ ಎಂಬ ವಿಳಾಸ. ಫೀನಿಕ್ಸ್ ಮತ್ತು ಐಬಿಎಂ ಕಂಪನಿಯವರು 1995ರಲ್ಲಿ ಮಾಡಿದ ಒಪ್ಪಂದ ಇದು. ಎಲ್ ಟೊರಿಟೊ ಎಂಬುದು ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನ ಹೆಸರು, ಅಲ್ಲಿ ಊಟಕ್ಕೆ ಕೂತಾಗ ಈ ಯೋಚನೆ ಹೊಳೆಯಿತೆಂಬ ಮಾತಿದೆ. ಮೇಡಂ ಬರೆದ ಸಿ.ಡಿ.ಗಳ ಹದಿನೇಳನೇ ಮನೆಯಲ್ಲಿ ಆ ವಿಳಾಸ ಇರಲಿಲ್ಲ. ಬಯಾಸ್ ಹೋಗಿ ಬಾಗಿಲು ತಟ್ಟಿ ವಾಪಸ್ ಬರುತ್ತಿತ್ತು.

ಬರ್ನ್ ಸರಿಯಿದ್ದರೂ ಡೌನ್‌ಲೋಡೇ ಊನವಾಗಿರಬಹುದು. ಆಗಿನ 256 ಕೆಬಿಪಿಎಸ್ ಸಂಪರ್ಕದಲ್ಲಿ 700 ಎಂ.ಬಿ. ಇಳಿಯಲು ಲೆಕ್ಕದ ಪ್ರಕಾರವೇ ಆರು ಗಂಟೆಯ ಮೇಲೆ ಬೇಕು, ನಡುವೆ ಕರೆಂಟ್ ಹೋಗದಿದ್ದರೆ. ಉಬುಂಟುವಿನವರು 2005ರಿಂದ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತ ಮೇಲೆ ನಮಗೆ ಡೌನ್‌ಲೋಡೇ ಗತಿ. ಇಳಿದದ್ದು ಪೂರ್ತಿ ಇಳಿದಿದೆಯೇ ಎಂದು ತಿಳಿಯಲು ಎಂಡಿ5 ಎಂಬ 32 ಅಕ್ಷರಗಳ ಮುದ್ರೆ ಇರುತ್ತಿತ್ತು. ಕಡತದ ಒಂದು ಬಿಟ್ ಬದಲಾದರೂ ಮುದ್ರೆ ಪೂರಾ ಬದಲಾಗುತ್ತದೆ. ನಮ್ಮ ಶಾಲೆಯಲ್ಲಿ ಇದನ್ನು ಇಬ್ಬರು ಮಕ್ಕಳಿಗೆ ವಹಿಸಿದ್ದೆ. ಒಬ್ಬ ಹಾಜರಿ ಕೂಗುವಂತೆ ಒಂದೊಂದೇ ಅಕ್ಷರ ಕೂಗುತ್ತಿದ್ದ, ಇನ್ನೊಬ್ಬಳು ಹಾಳೆಯ ಮೇಲೆ ಟಿಕ್ ಹಾಕುತ್ತಿದ್ದಳು. ಮೂವತ್ತೆರಡೂ ಹಾಜರಾದರೆ ಕ್ಲಾಸಿನಲ್ಲಿ ಚಪ್ಪಾಳೆ. ಇಪ್ಪತ್ತು ವರ್ಷದ ಪಾಠದಲ್ಲಿ ‘ಪುರಾವೆ’ ಎಂಬ ಪದದ ಅರ್ಥ ಮಕ್ಕಳಿಗೆ ಅಷ್ಟು ಚೆನ್ನಾಗಿ ಮುಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟು ದಾಟಿದರೆ, ಆಗಿನ ಉಬುಂಟು ಸಿ.ಡಿ.ಯಲ್ಲಿ, ಪರದೆಯ ತಳದಲ್ಲಿ ಒಂದು ಪುಟ್ಟ ಕೀಬೋರ್ಡ್ ಮತ್ತು ಮನುಷ್ಯನ ಚಿತ್ರ ಬರುತ್ತಿತ್ತು. ಆಗ ಯಾವುದಾದರೂ ಕೀಲಿ ಒತ್ತಿದವರಿಗೆ ಮೆನು ಸಿಗುತ್ತಿತ್ತು. ಆ ಮೆನುವಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಮೊದಲ ಸಲ ಅದನ್ನು ಕಂಡಾಗ ಹುಡುಗರು ಬೆಂಚಿನ ಮೇಲೆ ಹತ್ತಿ ನೋಡಿದ್ದರು. ಅಲ್ಲೇ ಸಿ.ಡಿ.ಯ ದೋಷ ಹುಡುಕುವ ಆಯ್ಕೆ, ರ‍್ಯಾಮ್ ಪರೀಕ್ಷಿಸುವ ಆಯ್ಕೆ, ಎಫ್ 6 ಒತ್ತಿದರೆ ಇನ್ನಷ್ಟು. ಮಾನಿಟರ್ ಕಪ್ಪಾಗಿಯೇ ಉಳಿದರೆ ಅಲ್ಲಿನ ‘ನೋಮೋಡ್‌ಸೆಟ್’ ಗುರುತು ಹಾಕಿ ಮುಂದುವರಿಯಬೇಕು. ಗ್ರಾಫಿಕ್ಸ್ ಕಾರ್ಡಿನ ಜೊತೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತಾನೇ ಜಗಳಕ್ಕೆ ಹೋಗುವುದು ಆಗ ತಪ್ಪುತ್ತದೆ. ಕರ್ನಲ್‌ಗೂ ಪ್ರೊಸೆಸರ್‌ಗೂ ಹೊಂದದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳುತ್ತದೆ. 32 ಬಿಟ್ಟಿನ ಪ್ರೊಸೆಸರ್‌ಗೆ 64 ಬಿಟ್ಟಿನ ಸಿ.ಡಿ. ಹಾಕಿದರೆ ‘ಈ ಕರ್ನಲ್‌ಗೆ ಎಕ್ಸ್86-64 ಬೇಕು, ಇಲ್ಲಿ ಐ686 ಮಾತ್ರ ಕಂಡಿತು’ ಎಂಬರ್ಥದ ಸಾಲು ಬರುತ್ತದೆ. ಉಬುಂಟು 12.04 ಬಂದಾಗ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳು ತಮ್ಮ ಪ್ರೊಸೆಸರಿನಲ್ಲಿ ಕರ್ನಲ್ ಕೇಳುವ ‘ಪಿಎಇ ಇಲ್ಲ’ ಎಂದು ಹೇಳಿ ನಿಂತವು. ಅವಕ್ಕೆ ಉಬುಂಟುವಿನ ಹಗುರ ರೂಪವಾದ ಲುಬುಂಟು ಹಾಕಿದೆವು. ಸ್ಕ್ವಾಶ್‌ಎಫ್‌ಎಸ್ ದೋಷ ಎಂದು ಸಾಲುಸಾಲು ಸುರಿದರೆ ಸಿ.ಡಿ.ಗೆ ಗೀರು ಬಿದ್ದಿದೆ ಅಥವಾ ರ‍್ಯಾಮ್ ಕೈಕೊಟ್ಟಿದೆ. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪಾವಗಡದ ಬಸ್ ಸ್ಟ್ಯಾಂಡಿನವರೆಗೆ ಎಲ್ಲ ರಿಪೇರಿಯವರೂ ಬಲ್ಲ ಮದ್ದು. ಎಷ್ಟೋ ಸಲ ಫಲಿಸಿದೆ ಕೂಡ.

ಈಗ ಪಾವಗಡದ ಆ ಶಾಲೆಗೆ ಬರುತ್ತೇನೆ. ನಾನು ತಲುಪಿದ್ದು ಹನ್ನೊಂದೂವರೆಗೆ. ನಾಲ್ಕನೇ ಸಿಸ್ಟಮ್‌ಗೆ ಸಿ.ಡಿ. ಹಾಕಿದೆ. ನೇರಳೆ ಪರದೆ, ‘ಉಬುಂಟು’ ಅಕ್ಷರದ ಕೆಳಗೆ ಐದು ಚುಕ್ಕಿ, ಆಮೇಲೆ ಕಪ್ಪು. ಉಳಿದ ಸಾಲು ಇದು: ‘(ಇನಿಟ್‌ರ‍್ಯಾಮ್‌ಎಫ್‌ಎಸ್) ಅನೇಬಲ್ ಟು ಫೈಂಡ್ ಎ ಮೀಡಿಯಂ ಕಂಟೈನಿಂಗ್ ಎ ಲೈವ್ ಫೈಲ್ ಸಿಸ್ಟಮ್’. ಲೈವ್ ಕಡತ ವ್ಯವಸ್ಥೆ ಇರುವ ತಟ್ಟೆ ಎಲ್ಲೂ ಸಿಗಲಿಲ್ಲ ಎಂದರ್ಥ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಮನೆಮಾತು ತೆಲುಗು, ಶಾಲೆಯದು ಕನ್ನಡ, ಪರದೆಯದು ಇಂಗ್ಲಿಷ್. ಅಕ್ಷರ ಅಕ್ಷರ ಕೂಡಿಸಿ ಓದಿ, “ಸಿ.ಡಿ. ಒಳಗಿಂದಾನೇ ಬಂದು ಸಿ.ಡಿ. ಎಲ್ಲೈತೆ ಅಂತ ಕೇಳ್ತೈತಾ ಸಾರ್?” ಎಂದಳು.

ಅಷ್ಟು ನಿಖರವಾದ ಪ್ರಶ್ನೆಯನ್ನು ನನಗೆ ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ. ನಡೆಯುವುದು ಹೀಗೆ. ಕರ್ನಲ್ ಏಳುವವರೆಗೆ ಸಿ.ಡಿ.ಯನ್ನು ಓದಿಕೊಡುವವನು ಬಯಾಸ್. ಕರ್ನಲ್ ಕಣ್ಣು ಬಿಟ್ಟ ಮೇಲೆ ಬಯಾಸ್ ಕೈಬಿಡುತ್ತಾನೆ. ಹೊಸ ಊರಿಗೆ ಬಂದ ಮದುಮಗಳನ್ನು ಹೊಸ್ತಿಲವರೆಗೆ ಕರೆತಂದು ತವರಿನವರು ಹಿಂದಿರುಗಿದ ಹಾಗೆ. ಇನ್ನು ಮುಂದೆ ನೀರಿನ ಕೊಡ ಎಲ್ಲಿ, ದೀಪದ ಗೂಡು ಎಲ್ಲಿ ಎಂದು ಅವಳೇ ಹುಡುಕಿಕೊಳ್ಳಬೇಕು. ಕರ್ನಲ್ ತನ್ನದೇ ಡ್ರೈವರುಗಳಿಂದ ಡ್ರೈವನ್ನು ಮತ್ತೊಮ್ಮೆ ಹುಡುಕುತ್ತದೆ. ಸಿಕ್ಕಿದರೆ ಡೇರೆ ಏಳುತ್ತದೆ. ಸಿಗದಿದ್ದರೆ, ತನ್ನನ್ನು ಹೊತ್ತು ತಂದ ಸಿ.ಡಿ. ಕೈಯಳತೆಯಲ್ಲಿ ತಿರುಗುತ್ತಿದ್ದರೂ ಎಲ್ಲಿದೆ ಎಂದು ಕೇಳುತ್ತ ನಿಲ್ಲುತ್ತದೆ.

ಹಾಗಾದರೆ ತಪ್ಪು ಡ್ರೈವ್ ಮತ್ತು ಕರ್ನಲ್ ನಡುವೆ ಎಲ್ಲೋ ಇದೆ. ಎರಡನೇ ಸಿಸ್ಟಮ್ಮಿನ ಡ್ರೈವ್ ಬಿಚ್ಚಿ ನಾಲ್ಕಕ್ಕೆ ಹಾಕಿದೆ, ಅದೇ ಸಾಲು. ಕೇಬಲ್ ಬದಲಿಸಿದೆ, ಅದೇ ಸಾಲು. ರ‍್ಯಾಮ್ ಉಜ್ಜಿದೆ. ಎಫ್ 6ರ ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಹತ್ತೂ ಸಿಸ್ಟಮ್ ಒಂದೇ ಕಂತಿನಲ್ಲಿ ಬಂದವು, ಒಂದೇ ಮದರ್‌ಬೋರ್ಡ್. ಎಂಟಕ್ಕೆ ಆಗುವುದು ಎರಡಕ್ಕೆ ಏಕೆ ಆಗುವುದಿಲ್ಲ? ನಾಲ್ಕೂವರೆಗೆ ಅಟೆಂಡರ್ ಬಂದು, “ಮೈನ್ ಆಫ್ ಮಾಡ್ತೀನಿ ಸಾರ್, ಬೀಗ ಹಾಕ್ಬೇಕು” ಎಂದರು. ಪ್ರತಿದಿನ ಸಂಜೆ ತಪ್ಪದೆ ಮೈನ್ ಆಫ್ ಮಾಡುವುದು ಅವರ ನೇಮ. ಶಾಲೆಯ ವಸ್ತು ಸುಟ್ಟುಹೋಗಬಾರದು ಎಂಬ ಕಾಳಜಿ. ಮಧುಗಿರಿಯ ಬೆಟ್ಟ ಕತ್ತಲಲ್ಲಿ ಕರಗುವವರೆಗೂ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಆ ಎರಡು ಸಿಸ್ಟಮ್‌ಗಳೇ.

ಆ ಬಸ್ಸಿನಲ್ಲಿ ಇನ್ನೊಂದು ವಿಚಾರವೂ ಬಂತು, ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಮ್ಮ ರಾಜ್ಯದ ಬಹಳಷ್ಟು ಶಾಲಾ ಲ್ಯಾಬುಗಳು ಬಂದದ್ದು ‘ಬೂಟ್’ ಎಂಬ ಮಾದರಿಯಲ್ಲಿ. ಕಟ್ಟು, ಒಡೆತನ ಇಟ್ಟುಕೋ, ನಡೆಸು, ಹಸ್ತಾಂತರಿಸು ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅದು. ಖಾಸಗಿ ಗುತ್ತಿಗೆದಾರ ಯಂತ್ರ ತರುತ್ತಿದ್ದ, ಕಲಿಸುವವರನ್ನೂ ತರುತ್ತಿದ್ದ, ಅವಧಿ ಮುಗಿದ ಮೇಲೆ ಯಂತ್ರ ಶಾಲೆಗೆ ಉಳಿಯುತ್ತಿತ್ತು, ಬಲ್ಲವರು ಹೊರಟುಹೋಗುತ್ತಿದ್ದರು. ಕೇರಳದ ಐಟಿ@ಸ್ಕೂಲ್ 2001ರಲ್ಲಿ ಆರಂಭವಾಗಿ ಬೇರೆ ದಾರಿ ಹಿಡಿಯಿತು. ಶಾಲೆಯ ಶಿಕ್ಷಕರಲ್ಲೇ ಒಬ್ಬರು ಐಟಿ ಸಂಯೋಜಕರು, ತಂತ್ರಾಂಶವೂ ಗ್ನೂ/ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ವ್ಯವಸ್ಥೆಯಲ್ಲೇ ಕಲಿಯುತ್ತಾರೆ, ಕಂಪ್ಯೂಟರಿನ ಪಾಠಪುಸ್ತಕವೂ ಅವರಿಗೆ ಕನ್ನಡದಲ್ಲಿದೆ. ಮುಂದೆ 2018ರಲ್ಲಿ ಅಲ್ಲಿ ‘ಲಿಟಲ್ ಕೈಟ್ಸ್’ ಎಂದು ಮಕ್ಕಳದೇ ತಂಡಗಳೂ ಬಂದವು. ಈ ಎರಡು ದಾರಿಗಳನ್ನು ಹೋಲಿಸಿ ಐಟಿ ಫಾರ್ ಚೇಂಜ್ ಒಂದು ಅಧ್ಯಯನ ಮಾಡಿ, ಶಿಕ್ಷಕರ ಕೈಯಲ್ಲೇ ಇರುವ ದಾರಿಯ ಪರವಾಗಿ ವಾದಿಸಿತ್ತು. ಅಧ್ಯಯನ ಓದುವ ಮೊದಲೇ ನನಗೆ ಅದು ದಾಸ್ತಾನು ಪುಸ್ತಕಗಳಲ್ಲಿ ಕಂಡಿತ್ತು. ಪರದೆಯ ಸಾಲನ್ನು ಓದುವವರು ಇದ್ದ ಶಾಲೆಯಲ್ಲಿ ‘ದೋಷ’ ಎಂಬ ಷರಾ ಕಡಿಮೆ.

ಶನಿವಾರ ಬೆಳಗಿನ ಶಾಲೆ. ಮೊದಲ ಬಸ್ಸಿಗೇ ಮತ್ತೆ ಆ ಶಾಲೆಗೆ ಹೊರಟು, ಲ್ಯಾಬಿನ ಬೀಗ ತೆಗೆಯುವ ಹೊತ್ತಿಗೆ ಬಾಗಿಲಲ್ಲಿದ್ದೆ. ಅಟೆಂಡರ್ ಮೈನ್ ಹಾಕಿದರು. ಮಕ್ಕಳು ಎಂದಿನಂತೆ ಒಬ್ಬೊಬ್ಬರು ಒಂದೊಂದು ಸಿಸ್ಟಮ್ ಆನ್ ಮಾಡಿದರು. ಆ ಹುಡುಗಿ ನಾಲ್ಕನೆಯದರ ಗುಂಡಿ ಒತ್ತಿ, ಪರದೆಯನ್ನು ನೋಡದೆಯೇ ಎಫ್ 1 ಕೀಲಿ ಒತ್ತಿದಳು.

“ಯಾಕಮ್ಮ ಎಫ್ ಒನ್ ಒತ್ತಿದೆ?”

“ಅದು ದಿನಾ ಏನೋ ಕೇಳ್ತೈತೆ ಸಾರ್. ಎಫ್ ಒನ್ ಒತ್ತಿದ್ರೆ ಹೋಗ್ತೈತೆ.”

“ಎಲ್ಲದರಲ್ಲೂ ಕೇಳುತ್ತಾ?”

“ಇಲ್ಲ ಸಾರ್. ಇದ್ರಲ್ಲಿ, ಆಮೇಲೆ ಏಳರಲ್ಲಿ.”

ಏಳನೆಯದನ್ನು ಮುಟ್ಟಬೇಡಿ ಎಂದು ಕೂಗಿ ಓಡಿದೆ. ಪರದೆಯ ಮೇಲೆ ಆ ಸಾಲು ಇನ್ನೂ ಇತ್ತು: ‘ಸಿಮಾಸ್ ಚೆಕ್‌ಸಮ್ ಎರರ್ – ಡೀಫಾಲ್ಟ್ಸ್ ಲೋಡೆಡ್’. ಬಯಾಸ್ ತನ್ನ ಮಾತು ಮರೆತಿದೆ, ಕಾರ್ಖಾನೆಯಲ್ಲಿ ಕಲಿತದ್ದನ್ನೇ ಮತ್ತೆ ಹೇಳುತ್ತಿದೆ ಎಂದರ್ಥ. ಡಿಲೀಟ್ ಒತ್ತಿ ಒಳಗೆ ಹೋದೆವು. ತಾರೀಕು ಜನವರಿ 1, ವರ್ಷ ಎಷ್ಟೋ ಹಿಂದಿನದು.

ಬಯಾಸ್‌ನ ನೆನಪನ್ನು ಕಾಯುವುದು ಮದರ್‌ಬೋರ್ಡಿನ ಮೇಲಿನ ಒಂದು ಬಿಲ್ಲೆ ಬ್ಯಾಟರಿ, ಸಿಆರ್ 2032. ಆ ಅಂಕಿಯೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮೂರು ವೋಲ್ಟ್. ಗೋಡೆಯಲ್ಲಿ ಕರೆಂಟ್ ಇರುವವರೆಗೆ, ಸಿಸ್ಟಮ್ ಆಫ್ ಆಗಿದ್ದರೂ, ಮದರ್‌ಬೋರ್ಡಿಗೆ ಸಣ್ಣ ಹರಿವು ಹೋಗುತ್ತಲೇ ಇರುತ್ತದೆ, ಬ್ಯಾಟರಿ ಸವೆಯುವುದಿಲ್ಲ. ಮೈನ್ ಆಫ್ ಆದ ಕ್ಷಣದಿಂದ ಗಡಿಯಾರವೂ ನೆನಪೂ ಬ್ಯಾಟರಿಯ ಮೇಲೆ. ಪ್ರತಿ ರಾತ್ರಿ, ಪ್ರತಿ ಭಾನುವಾರ, ಏಪ್ರಿಲ್ ಮೇ ಇಡೀ ರಜೆ. ಆ ಬೇಸಿಗೆಯಲ್ಲಿ ಎರಡು ಬಿಲ್ಲೆಗಳು ಮುಗಿದಿದ್ದವು. ನಾನು ಮೊದಲ ದಿನ ಹನ್ನೊಂದೂವರೆಗೆ ಬಂದಾಗ ಬೆಳಗಿನ ಎಫ್ 1 ಒತ್ತಿ ಆಗಿತ್ತು. ಮೈನ್ ಆಫ್ ಆಗುವವರೆಗೆ ಆ ಸಾಲು ಮತ್ತೆ ಬರುವುದಿಲ್ಲ, ಆದ್ದರಿಂದ ದಿನವಿಡೀ ನನಗದು ಕಾಣಲಿಲ್ಲ.

ಎರಡನೇ ಸಿಸ್ಟಮ್ಮಿನ ಬಯಾಸ್ ತೆರೆದು ಇಬ್ಬರು ಮಕ್ಕಳನ್ನು ಕೂರಿಸಿದೆ, ಎಂಡಿ5 ಕೂಗಿದ ಹಾಗೆಯೇ. ಒಬ್ಬ ಎರಡರಿಂದ ಕೂಗಿದ, ಹುಡುಗಿ ಏಳರಲ್ಲಿ ನೋಡುತ್ತ ಹೋದಳು. ನಾಲ್ಕೈದು ಪುಟ ದಾಟಿದ ಮೇಲೆ ಸಾಟಾ ಎಂಬ ಸಾಲು. “ಎಎಚ್‌ಸಿಐ” ಎಂದ ಅವನು. “ಇಲ್ಲಿ ರೇಯ್ಡ್ ಅಂತೈತೆ” ಎಂದಳು ಅವಳು.

ಸಿಕ್ಕಿತು. ಡ್ರೈವ್, ಹಾರ್ಡ್‌ಡಿಸ್ಕ್ ಎರಡನ್ನೂ ಮಾತಾಡಿಸುವ ಭಾಷೆ ಆ ಸಾಲಿನಲ್ಲಿದೆ. ಯಂತ್ರಗಳನ್ನು ಕೂರಿಸಿದವರು ಅಂದು ಹತ್ತರಲ್ಲೂ ಅದನ್ನು ಬದಲಿಸಿ ವಿಂಡೋಸ್ ಹಾಕಿದ್ದರು. ಬ್ಯಾಟರಿ ಹೋದ ಎರಡು ಮಾತ್ರ ಕಾರ್ಖಾನೆಯ ಭಾಷೆಗೆ ಮರಳಿದ್ದವು. ಬಯಾಸ್‌ಗೆ ಅದು ಬರುತ್ತಿತ್ತು, ಹಾಗಾಗಿ ಸಿ.ಡಿ. ಕರ್ನಲ್‌ವರೆಗೆ ಬಂತು. ಕರ್ನಲ್‌ಗೆ ಬರಲಿಲ್ಲ, ಅಲ್ಲಿಗೆ ನಿಂತಿತು. ವಿಂಡೋಸ್ ನೀಲಿ ಪರದೆ ತೋರಿಸಿದ್ದಕ್ಕೂ ಇದೇ ಕಾರಣ. ‘ಹಾರ್ಡ್‌ಡಿಸ್ಕ್ ದೋಷ’ ಎಂದು ಬರೆದ ಎರಡೂ ಹಾರ್ಡ್‌ಡಿಸ್ಕುಗಳು ಪೂರ್ತಿ ಆರೋಗ್ಯವಾಗಿದ್ದವು.

ಗಣಿತದ ಮೇಷ್ಟ್ರು ಬೈಕಿನಲ್ಲಿ ಪಾವಗಡಕ್ಕೆ ಹೋಗಿ ವಾಚ್ ರಿಪೇರಿ ಅಂಗಡಿಯಿಂದ ಬಿಲ್ಲೆ ತಂದರು. ಅಂಗಡಿಯಲ್ಲಿ ಇದ್ದದ್ದು ಒಂದೇ. ಅದನ್ನು ನಾಲ್ಕಕ್ಕೆ ಹಾಕಿದೆವು. ಹುಡುಗಿ ಅಂದಿನ ತಾರೀಕು ಕೂರಿಸಿದಳು, ಸಾಟಾ ಸಾಲಿಗೆ ಇಳಿದು ಬದಲಿಸಿದಳು, ಎಫ್ 10. ಸಿ.ಡಿ. ಗುಂಯ್ ಎಂದಿತು. ಐದು ಚುಕ್ಕಿಗಳು ಒಂದಾದ ಮೇಲೊಂದು ಕಿತ್ತಳೆಯಾದವು, ಬೆಳ್ಳಗಾದವು, ಮತ್ತೆ ಕಿತ್ತಳೆಯಾದವು. ಡೆಸ್ಕ್‌ಟಾಪ್ ಬಂದಾಗ ಯಾರೂ ಮಾತಾಡಲಿಲ್ಲ. ಸಿ.ಡಿ. ತೆಗೆದು ಮತ್ತೆ ಆನ್ ಮಾಡಿದರೆ ವಿಂಡೋಸೂ ಎದ್ದಿತು, ಹಿಂದಿನ ಮೂರು ವರ್ಷದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳ ಸಮೇತ. ಮುಖ್ಯೋಪಾಧ್ಯಾಯಿನಿ ದಾಸ್ತಾನು ಪುಸ್ತಕ ತರಿಸಿ, ಷರಾದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು.

ಏಳನೆಯದಕ್ಕೆ ಬ್ಯಾಟರಿ ಇರಲಿಲ್ಲ. ಹುಡುಗಿ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಬಯಾಸ್‌ನ ಪುಟಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು, ಬಾಣದ ಕೀಲಿ ಎಷ್ಟು ಸಲ ಒತ್ತಬೇಕು ಎಂಬುದೂ ಸೇರಿ. ಅದನ್ನು ನೋಡಿಕೊಂಡು ತಾನೇ ಏಳನೆಯದನ್ನು ಸರಿ ಮಾಡಿದಳು. ಅದೂ ಎದ್ದಿತು. ಆದರೆ ಸಂಜೆ ಮೈನ್ ಆಫ್ ಆದರೆ ಮತ್ತೆ ಮೊದಲಿನಂತೆಯೇ.

ಅಟೆಂಡರ್ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಬ್ಯಾಟರಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಆಫ್ ಮಾಡಿದ್ದಕ್ಕಾ ಸಾರ್?” ಎಂದರು.

“ನೀವು ಮಾಡಿದ್ದು ಸರಿಯೇ ಅಣ್ಣ. ಅದರ ವಯಸ್ಸು ಮುಗಿದಿತ್ತು. ಹೊಸದು ಬರೋವರೆಗೆ ಈ ಏಳನೇದರ ಪ್ಲಗ್ ಒಂದು ಬಿಟ್ಟು ಮಿಕ್ಕಿದ್ದು ಆಫ್ ಮಾಡೋಕೆ ದಾರಿ ಇದೆಯಾ?”

ಅವರು ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದರು. ಏಳನೆಯದರ ಲೈನನ್ನು ಮೈನ್‌ನಿಂದ ಬಿಡಿಸಿ ಆಫೀಸ್ ರೂಮಿನ ಲೈನಿಗೆ ಕೊಡಬಹುದು ಎಂದರು, ಅವರ ತಮ್ಮ ವೈರಿಂಗ್ ಕೆಲಸದವನಂತೆ, ಸೋಮವಾರ ಕರೆತರುತ್ತಾರಂತೆ. ಅಲ್ಲಿಯವರೆಗೆ ಎಂದು ಹುಡುಗಿ ಸೀಮೆಸುಣ್ಣ ತಂದು ಮೈನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಎರಡು ಸಾಲು ಬರೆದಳು, ಒಂದು ಕನ್ನಡದಲ್ಲಿ, ಇನ್ನೊಂದು ತೆಲುಗಿನಲ್ಲಿ. ಕನ್ನಡದ್ದು ಹೀಗಿತ್ತು: ‘ಏಳು ನೆನಪಿಟ್ಟುಕೊಂಡಿದೆ. ಆಫ್ ಮಾಡಬೇಡಿ.’